ಪರ್ದಾ ಇರಲಿ, ಗಾಳಿಯೂ ಇರಲಿ

ಕಳೆದ ಮೇ ತಿಂಗಳಲ್ಲಿ ಕಲಬುರಗಿಯ ನನ್ನ ದವಾಖಾನೆಗೆ ಒಬ್ಬ ಅಜ್ಜಿ ಮೂರು ತಿಂಗಳ ಮೊಮ್ಮಗುವನ್ನು ಎತ್ತಿಕೊಂಡು ಬಂದರು. ಕೂಸಿನ ಕತ್ತು, ಬೆನ್ನೆಲ್ಲ ಬೆವರುಸಾಲೆ. "ಹಕೀಮ್ ಸಾಬ್, ರಾತ್ರಿಯೆಲ್ಲ ಅಳ್ತದೆ. ಏನಾದ್ರೂ ಶರಬತ್ತು ಕೊಡಿ" ಎಂದರು. ಎಲ್ಲಿ ಮಲಗಿಸುತ್ತೀರಿ ಎಂದು ಕೇಳಿದೆ. ಬಾಣಂತಿ, ಕೂಸು ಇಬ್ಬರೂ ಮಹಡಿಯ ಕೋಣೆಯಲ್ಲಿ. ಎದುರು ಮನೆಯವರಿಗೆ ಕಾಣುತ್ತದೆಂದು ಕಿಟಕಿ ಹಗಲೂ ರಾತ್ರಿಯೂ ಮುಚ್ಚಿರುತ್ತದೆ. ಆ ಕೂಸಿಗೆ ತಾಯಿಯ ಹಾಲು ಸಾಕಿತ್ತು. ಬೇಕಿದ್ದದ್ದು ಶರಬತ್ತಲ್ಲ, ತಂಪು ಕೋಣೆ.

ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತೇವೆ. ಅದರಲ್ಲಿ ಮೊದಲನೆಯದೇ ಗಾಳಿ. ನಿದ್ದೆಯೂ ಅವುಗಳಲ್ಲೊಂದು. ಇವೆರಡನ್ನೂ ತಪ್ಪಿಸಿ ಮದ್ದು ಕೊಟ್ಟರೆ ಏನು ಫಲ?

ನಮ್ಮ ಹಳೆಯ ಮನೆಗಳ ಕಲ್ಲಿನ ಛಾವಣಿ ಹಗಲಿಡೀ ಬಿಸಿಲು ಹೀರಿ, ರಾತ್ರಿ ಆ ಕಾವನ್ನು ಕೋಣೆಯೊಳಕ್ಕೆ ಬಿಡುತ್ತದೆ. ಕಿಟಕಿ ಮುಚ್ಚಿದ್ದರೆ ಅದು ಹೊರಗೆ ಹೋಗುವ ದಾರಿಯೇ ಇಲ್ಲ. ಆದ್ದರಿಂದ ಏಸಿ ಕೊಳ್ಳುವ ಮೊದಲು ಛಾವಣಿಯನ್ನು ನೋಡಿ. ಬೇಸಿಗೆ ಶುರುವಾಗುವ ಮುನ್ನ ಅದಕ್ಕೆ ಎರಡು ಸಲ ದಪ್ಪಗೆ ಬಿಳಿ ಸುಣ್ಣ ಬಳಿಸಿ. ಹಗಲು ಕಿಟಕಿ ಮುಚ್ಚಿ, ಬಿಸಿಲು ಬೀಳುವ ಕಡೆ ಹೊರಗಿನಿಂದ ಚಾಪೆ ಇಳಿಬಿಡಿ. ಹೊರಗೆ ತಂಪಾದ ಮೇಲೆ, ಇಶಾ ಹೊತ್ತಿಗೆ, ಎದುರುಬದುರಿನ ಕಿಟಕಿ ಬಾಗಿಲು ತೆರೆದರೆ ಫಜ್ರ್‌ವರೆಗೆ ಗಾಳಿ ಆಡುತ್ತದೆ. ಕೂಲರ್ ಇದ್ದರೂ ಒಂದು ಕಿಟಕಿ ಸ್ವಲ್ಪ ತೆರೆದಿರಲಿ, ಇಲ್ಲವಾದರೆ ಕೋಣೆಯಲ್ಲಿ ತೇವ ತುಂಬುತ್ತದೆ.

ಹಾಗಾದರೆ ಪರ್ದಾ? ವಿಜಯಪುರದ ಇಬ್ರಾಹಿಂ ರೋಜಾದ ಕಲ್ಲಿನ ಜಾಲರಿ ಕಿಟಕಿಗಳನ್ನು ನೋಡಿದ್ದೀರಲ್ಲ? ಮರೆಯೂ ಇದೆ, ಗಾಳಿಯೂ ಇದೆ. ನಮ್ಮ ಕಿಟಕಿಗೂ ಮರದ ಜಾಲರಿಯನ್ನೋ ಬಿದಿರಿನ ತಟ್ಟಿಯನ್ನೋ ಹಾಕಿಸಬಹುದು. ದೀಪ ಆರಿಸಿದರೆ ಒಳಗಿನದು ಹೊರಗೆ ಕಾಣದು.

ಇನ್ನೊಂದು ಮಾತು ಮನೆಯ ಹಿರಿಯರಿಗೆ. ಬೇಸಿಗೆಯ ಎರಡು ಮೂರು ತಿಂಗಳು ಬಾಣಂತಿ, ಕೂಸು, ವೃದ್ಧರು, ಕಾಯಿಲೆಯವರು ಕೆಳಗೆ ಮಲಗಲಿ. ಗಟ್ಟಿಮುಟ್ಟಾದ ಗಂಡಸರು ಮೇಲೆ ಹೋಗಲಿ. ಕೆಳಗಿನ ಕೋಣೆ ಅತಿಥಿಗಳಿಗೆಂದು ಬೀಗ ಹಾಕಿಡುವುದು ಸರಿಯಲ್ಲ.

ಮೈ ಕಾದು, ಮಾತು ತೊದಲಿದರೆ, ಪ್ರಜ್ಞೆ ಮಂಕಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನನ್ನ ದವಾಖಾನೆಗೂ ಬರಬೇಡಿ. ಒದ್ದೆ ಬಟ್ಟೆಯಿಂದ ಮೈ ತಣಿಸುತ್ತಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ಅಜ್ಜಿ ಮನೆಗೆ ಹೋಗಿ ಮಾಡಿದ್ದು ಇಷ್ಟೇ: ಸೊಸೆಯನ್ನೂ ಕೂಸನ್ನೂ ಕೆಳಗೆ ಕರೆತಂದು, ಮಗನನ್ನು ಮೇಲೆ ಕಳುಹಿಸಿದರು. ವಾರದಲ್ಲಿ ಬೆವರುಸಾಲೆ ಇಳಿಯಿತು.