ಜಾತ್ರೆಯ ಎತ್ತಿಗೆ ಮೇವಿನ ಆಯ್ಕೆ

ಸಂಕ್ರಾಂತಿಯ ಸುಮಾರಿಗೆ ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಕೂಡುವುದು ನಮ್ಮ ವಾಚಕರಿಗೆ ತಿಳಿದ ವಿಷಯವೇ. ಅಲ್ಲಿ ಮೆರೆಯುವುದು ಹಳ್ಳಿಕಾರ್ ತಳಿಯ ಜೋಡಿಗಳು. ಕೊಂಬು, ಸುಳಿ, ಬಣ್ಣಗಳು ಹುಟ್ಟಿನಿಂದ ಬಂದವು. ಅವನ್ನು ಯಾರೂ ತಿದ್ದಲಾರರು. ಮೈಯ ಮಿಂಚು, ಪಕ್ಕೆಯ ತುಂಬು, ಹೆಜ್ಜೆಯ ಚುರುಕು ಮಾತ್ರ ಬಹುಮಟ್ಟಿಗೆ ಮೇವಿನಿಂದ ಬರತಕ್ಕವು. ಆದಕಾರಣ ಈ ತಿಂಗಳು ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಹುಲ್ಲುಗಳಲ್ಲಿ ರಾಗಿಯ ಹುಲ್ಲೇ ಮೇಲು. ಇದು ಹಿರಿಯರ ಪಕ್ಷಪಾತವಲ್ಲ. ಅದರಲ್ಲಿ ಸುಣ್ಣದ ಅಂಶ ಹೆಚ್ಚು, ಅರಗುವುದೂ ಸುಲಭ. ಭತ್ತದ ಹುಲ್ಲಿನಲ್ಲಿ ಮರಳಿನ ಜಾತಿಯ ಸಿಲಿಕವು ಹೆಚ್ಚಾಗಿರುವುದಲ್ಲದೆ, ಆಕ್ಸಲೇಟೆಂಬ ಪದಾರ್ಥವು ದನದ ಹೊಟ್ಟೆಯಲ್ಲಿನ ಸುಣ್ಣವನ್ನು ಹಿಡಿದಿಟ್ಟು ಮೈಗೆ ಹತ್ತಗೊಡದು. ಕಾವೇರಿಯ ನಾಲೆಗಳ ಕೆಳಗಿನವರಿಗೆ ಭತ್ತದ ಹುಲ್ಲೇ ಗತಿಯಾದರೆ, ಹಸಿರು ಮೇವನ್ನೂ ದಿನಕ್ಕೆ ಸುಮಾರು 50 ಗ್ರಾಂ ಖನಿಜದ ಮಿಶ್ರಣವನ್ನೂ ಕೂಡಿಸಿಕೊಡತಕ್ಕದ್ದು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಷ್ಟವೇ ಬೇರೆ. ಅಲ್ಲಿ ಮುಂಗಾರಿನ ಹೊಲವನ್ನು ಬಹುವಾಗಿ ಹೊಗೆಸೊಪ್ಪು ಆಕ್ರಮಿಸಿದೆ. ಹೊಗೆಸೊಪ್ಪಿನಿಂದ ಹಣ ಬಂದೀತು, ಕೊಟ್ಟಿಗೆಗೆ ಒಂದು ಕಡ್ಡಿಯೂ ಬಾರದು! ಮೇವು ಸಾಲದೆ, ನೀರಾವರಿಯ ಸೀಮೆಯಿಂದ ಯಂತ್ರವು ಸುತ್ತಿದ ಭತ್ತದ ಹುಲ್ಲಿನ ಸುರುಳಿಗಳನ್ನು ಕೊಳ್ಳಬೇಕಾಗುತ್ತದೆ. ಕೊಳ್ಳುವವರು ಸುರುಳಿಯ ಹೊರಮೈಯನ್ನು ನೋಡಿ ಮರುಳಾಗಬಾರದು. ಒಳಕ್ಕೆ ಕೈ ತೂರಿಸಿ ಹಿಡಿ ಹುಲ್ಲು ಸೆಳೆದು ಮೂಸಬೇಕು. ಬಿಸಿಯಾಗಿದ್ದರೆ, ಮುಗ್ಗಲು ನಾತವಿದ್ದರೆ, ಕೊಡವಿದಾಗ ಬೂದಿಯಂಥ ಧೂಳು ಎದ್ದರೆ ಅರ್ಧ ಬೆಲೆಗೂ ಅದು ಬೇಡ. ಬೂಷ್ಟು ಹಿಡಿದ ಭತ್ತದ ಹುಲ್ಲನ್ನು ತಿಂದ ದನಗಳಿಗೆ ಕಾಲು ಬಾತು, ಕಿವಿಯ ಅಂಚೂ ಬಾಲದ ತುದಿಯೂ ಕೊಳೆತು ಉದುರುವುದುಂಟು. ವರ್ಷವಿಡೀ ಸಾಕಿದ ಎತ್ತು ಆಮೇಲೆ ಯಾವ ಜಾತ್ರೆಗೆ?

ಇನ್ನು ತಿಂಡಿಯ ಮಾತು. ಹುರುಳಿಯನ್ನು ಬೇಯಿಸಿಯೋ ನೆನೆಯಿಸಿಯೋ ಕೊಡುವುದು ನಮ್ಮ ಸೀಮೆಯ ಪದ್ಧತಿ, ಒಳ್ಳೆಯದೇ. ಹತ್ತಿಕಾಳು, ಬೂಸ, ಕಡಲೆಕಾಯಿ ಹಿಂಡಿಗಳೂ ಆಗಬಹುದು. ಹಿಂಡಿಯಲ್ಲಿ ಬೂಷ್ಟಿನ ಗುರುತು ಕಂಡರೆ ತಿಪ್ಪೆಗೆ ಹಾಕಿರಿ. ಅದರ ವಿಷವು ಬೇಯಿಸಿದರೂ ಹೋಗದು, ಈಲಿಯನ್ನು ಕೆಡಿಸುತ್ತದೆ.

ನಮಗೆ ಹೆಚ್ಚು ಭಯವಿರುವುದು ಕೊನೆಯ ವಾರದ ಆತುರದ ವಿಷಯದಲ್ಲಿ. ಜಾತ್ರೆ ಹತ್ತಿರವಾಯಿತೆಂದು ಹುಲ್ಲು ತಗ್ಗಿಸಿ, ಅಕ್ಕಿಯ ನುಚ್ಚು, ಜೋಳದ ಹಿಟ್ಟುಗಳನ್ನು ಬುಟ್ಟಿಗಟ್ಟಲೆ ಸುರಿಯುವವರಿದ್ದಾರೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಹುಲ್ಲಿಗೆಂದೇ ಆದದ್ದು. ಒಮ್ಮೆಲೆ ಧಾನ್ಯ ಬಿದ್ದರೆ ಒಳಗೆಲ್ಲ ಹುಳಿಯೇರಿ, ಎತ್ತು ಮೆಲುಕು ನಿಲ್ಲಿಸುತ್ತದೆ, ಗೊರಸು ನೊಂದು ಕುಂಟುತ್ತದೆ, ಸಾಯುವುದೂ ಉಂಟು. ತಿಂಡಿಯನ್ನು ಹೆಚ್ಚಿಸುವುದಾದರೆ ಎರಡು ತಿಂಗಳು ಮುಂಚೆಯೇ ಆರಂಭಿಸಿ, ಹತ್ತು ಹದಿನೈದು ದಿನಗಳಲ್ಲಿ ಹಂತಹಂತವಾಗಿ ಏರಿಸಬೇಕು. 350 ಕಿಲೋ ತೂಗುವ ಎತ್ತಿಗೆ ಒಣಲೆಕ್ಕದಲ್ಲಿ ಒಟ್ಟು ಏಳೆಂಟು ಕಿಲೋ ಆಹಾರ ಬೇಕು; ಅದರಲ್ಲಿ ಹೆಚ್ಚು ಪಾಲು ಹುಲ್ಲೇ ಇರಲಿ.

ಜಾತ್ರೆಗೆ ಹೊರಡುವಾಗ ಮನೆಯ ಹುಲ್ಲನ್ನೇ ಗಾಡಿಗೆ ಹೇರಿಕೊಳ್ಳಿರಿ. ಊರು, ನೀರು, ಮೇವು ಮೂರೂ ಒಮ್ಮೆಗೆ ಬದಲಾದರೆ ಎತ್ತು ಮೂತಿ ತಿರುಗಿಸುತ್ತದೆ. ಜೋಡಿ ಮಾರಾಟವಾದರೆ ಕೊಂಡವರ ಕೈಗೆ ಹಗ್ಗದೊಡನೆ ನಾಲ್ಕು ದಿನದ ಹುಲ್ಲನ್ನೂ ಕೊಟ್ಟು, ಯಾವ ತಿಂಡಿ, ಎಷ್ಟು ಸೇರು, ಯಾವ ಹೊತ್ತಿಗೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿರಿ.