ಮುಚ್ಚುವ ದಿನ ಸಾಲು ನಿಲ್ಲೋದು ಬೇಡ

2023ರ ಸೆಪ್ಟೆಂಬರ್. ಲಂಡನ್ನಿನ ಸ್ಟ್ರ್ಯಾಂಡ್ ರಸ್ತೆಯ 143ನೇ ನಂಬರಿನ ಕಿರಿದಾದ ಬಾಗಿಲ ಮುಂದೆ ಉದ್ದನೆಯ ಸಾಲು. ಅದರ ಬಾಲದಲ್ಲಿ ನಾನೂ ಇದ್ದೆ. ಆ ಬಾಗಿಲು ದಾಟಿ ಕಡಿದಾದ ಮೆಟ್ಟಿಲು ಹತ್ತಿದರೆ ಇಂಡಿಯಾ ಕ್ಲಬ್. 1951ರಲ್ಲಿ, ಕೃಷ್ಣ ಮೆನನ್ ಅವರ ಇಂಡಿಯಾ ಲೀಗಿನ ನಂಟಿನಿಂದ ಹುಟ್ಟಿದ ಜಾಗ. ಆ ತಿಂಗಳ 17ಕ್ಕೆ ಅದು ಶಾಶ್ವತವಾಗಿ ಮುಚ್ಚುತ್ತೆ ಅಂತ ಪೇಪರಿನಲ್ಲಿ ಬಂದಿತ್ತು. ಸಾಲಿನಲ್ಲಿ ಅಜ್ಜಂದಿರಿದ್ದರು, ಕೋಟು ಹಾಕಿದ ಆಫೀಸಿನವರಿದ್ದರು, ನನ್ನಂಥ ವಿದ್ಯಾರ್ಥಿಗಳೂ ಇದ್ದರು. ಮುಕ್ಕಾಲು ಗಂಟೆ ನಿಂತೆ. ಸಂಜೆ ಪಾರ್ಟ್ ಟೈಮ್ ಕೆಲಸದ ಶಿಫ್ಟ್ ಇತ್ತು, ಅರ್ಧಕ್ಕೇ ಹೊರಟೆ. ಮತ್ತೆ ಹೋಗಲಾಗಲಿಲ್ಲ.

ಹಾಗಾಗಿ ಇಂಡಿಯಾ ಕ್ಲಬ್‌ನ ಹೆಸರಾಂತ ಮೆಣಸಿನಕಾಯಿ ಬಜ್ಜಿ ನಾನು ತಿಂದೇ ಇಲ್ಲ. ನಾನು ಧಾರವಾಡದವನು, ಇದು ಸಣ್ಣ ನಾಚಿಕೆ ಅಲ್ಲ. ಅದಕ್ಕಿಂತ ದೊಡ್ಡ ನಾಚಿಕೆ ಏನಂದ್ರೆ, ಅದಕ್ಕೂ ಮುಂಚೆ ಒಂದು ವರ್ಷ ಪೂರ್ತಿ ವಾರಕ್ಕೆ ಮೂರು ಸಲ ಅದೇ ಬಾಗಿಲ ಮುಂದೆ ಬಸ್ಸಿನಲ್ಲಿ ಹಾದುಹೋಗಿದ್ದೆ. ಬೋರ್ಡ್ ಕಂಡಿತ್ತು. "ಇನ್ನೊಂದ್ಸಲ ಹೋದ್ರಾಯ್ತು" ಅಂದುಕೊಂಡು, ಮುಂದಿನ ಸ್ಟಾಪಿನಲ್ಲಿ ಇಳಿದು, ಮೂರೂವರೆ ಪೌಂಡಿನ ಮೀಲ್ ಡೀಲ್‌ನ ತಣ್ಣನೆಯ ಸ್ಯಾಂಡ್‌ವಿಚ್ ತಿಂದಿದ್ದೆ.

ಈ ಲೇಖನ ಆ ತಪ್ಪಿನಿಂದ ಹುಟ್ಟಿದ್ದು. ನನ್ನ ವಾದ ಇಷ್ಟೇ: ಕಡಿಮೆ ದುಡ್ಡಿಗೆ ಒಳ್ಳೆ ಊಟ ಹಾಕುವ ಸಣ್ಣ ಹೋಟೆಲುಗಳು ನಮ್ಮ ಮೆಚ್ಚುಗೆಯಿಂದ ಬದುಕೋದಿಲ್ಲ, ನಮ್ಮ ಹಾಜರಾತಿಯಿಂದ ಬದುಕುತ್ತವೆ. ಇಂಡಿಯಾ ಕ್ಲಬ್ ಉಳಿಸಿ ಅಂತ ಸಾವಿರಾರು ಜನ ಸಹಿ ಹಾಕಿದ್ದರು. 2018ರಲ್ಲಿ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಆ ಕಟ್ಟಡದ ಒಂದು ಭಾಗ ಒಡೆಯುವ ಯೋಜನೆಗೆ ಅನುಮತಿ ನಿರಾಕರಿಸಿತ್ತು ಕೂಡ. ಆದರೂ ಐದು ವರ್ಷಕ್ಕೆ ಬಾಗಿಲು ಹಾಕಿತು. ಬರೀ ಗಿರಾಕಿಗಳಿಂದ ಅದು ಉಳಿಯುತ್ತಿತ್ತು ಅಂತ ನಾನು ಹೇಳಲಾರೆ. ಬಾಡಿಗೆ, ಕಟ್ಟಡದ ಮಾಲೀಕತ್ವ ನಮ್ಮ ಕೈಲಿಲ್ಲ. ನಮ್ಮ ಕೈಲಿರೋದು ಮಂಗಳವಾರದ ಮಧ್ಯಾಹ್ನ ಎಲ್ಲಿ ಊಟ ಮಾಡ್ತೀವಿ ಅನ್ನೋದು ಮಾತ್ರ.

ನಮ್ಮೂರಿನ ವಿಷಯಕ್ಕೆ ಬನ್ನಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದಾಗ ಸುತ್ತಮುತ್ತಲಿನ ವಿದ್ಯಾರ್ಥಿಗಳಿಗೆ ತಿಂಡಿ ಕೊಡುವ ಪುಟ್ಟ ಹೋಟೆಲು, ಹೆಸರೇ ಹೇಳುತ್ತೆ. ಧಾರವಾಡದಲ್ಲಿ ನಾನು ಓದುವಾಗ ನಮ್ಮ ಓಣಿಯ ಖಾನಾವಳಿಯಲ್ಲಿ ತಿಂಗಳ ಲೆಕ್ಕ ಇತ್ತು. ಎರಡು ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಅನ್ನ, ಸಾರು. ಎರಡು ದಿನ ಹೋಗದಿದ್ದರೆ ಮೂರನೇ ದಿನ ಅಕ್ಕಾರು "ಯಾಕ್ರೀ, ಆರಾಮ್ ಇರಲಿಲ್ಲೇನು?" ಅಂತ ಕೇಳೋರು. ಬಡಿಸೋದರ ಜೊತೆ ಅದೂ ಸೇರಿತ್ತು. ಲಂಡನ್ನಿಗೆ ಬಂದ ಮೊದಲ ಚಳಿಗಾಲದಲ್ಲಿ ನನಗೆ ಕೊರತೆ ಆಗಿದ್ದು ರೊಟ್ಟಿ ಅಲ್ಲ, ಆ ಪ್ರಶ್ನೆ. ನಾಲ್ಕು ದಿನ ಜ್ವರ ಬಂದು ರೂಮಿನಲ್ಲಿ ಮಲಗಿದ್ದೆ, ಕೇಳಿದ್ದು ಡೆಲಿವರಿ ಆ್ಯಪ್ ಒಂದೇ: "ನಿಮ್ಮ ಆರ್ಡರ್ ಹೇಗಿತ್ತು? ಸ್ಟಾರ್ ಕೊಡಿ."

ಈಗ ನನಗೆ ಆ ಪ್ರಶ್ನೆ ಕೇಳುವವರು ಟೂಟಿಂಗ್‌ನಲ್ಲಿ ಇದ್ದಾರೆ. ನಾರ್ದರ್ನ್ ಲೈನ್‌ನಲ್ಲಿ ಟೂಟಿಂಗ್ ಬ್ರಾಡ್‌ವೇ ಇಳಿದರೆ ಶ್ರೀಲಂಕಾ ತಮಿಳರ ಹೋಟೆಲುಗಳ ಸಾಲೇ ಇದೆ. ನಾನು ಹೋಗುವುದರಲ್ಲಿ ಇರೋದು ಏಳೋ ಎಂಟೋ ಟೇಬಲ್. ಕಾದ ತವೆಯ ಮೇಲೆ ಎರಡು ತಗಡಿನಿಂದ ಪರೋಟ ಕೊಚ್ಚುವ ಟಕಟಕ ಸದ್ದು ಬಾಗಿಲಿಗೇ ಕೇಳಿಸುತ್ತೆ, ಅದೇ ಕೊತ್ತು ರೊಟ್ಟಿ. ಒಂದು ಪ್ಲೇಟ್ ಇಬ್ಬರಿಗೆ ಸಾಕು. ಇಡಿಯಪ್ಪಂ ಅಂದ್ರೆ ನಮ್ಮ ಒತ್ತುಶಾವಿಗೆ, ತೆಂಗಿನಕಾಯಿ ಸಾಂಬಲ್ ಅಂದ್ರೆ ನಮ್ಮ ಚಟ್ನಿಯ ಖಾರದ ತಮ್ಮ. ಅಲ್ಲಿನ ಅಕ್ಕನಿಗೆ ಕನ್ನಡ ಬರೋಲ್ಲ, ನನಗೆ ತಮಿಳು ಬರೋಲ್ಲ, ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಆದರೂ ಪರೀಕ್ಷೆ ಮುಗಿಯಿತಾ ಅಂತ ಕೇಳ್ತಾರೆ, ಹಪ್ಪಳ ಒಂದು ಜಾಸ್ತಿ ಹಾಕ್ತಾರೆ.

ಕಾಲೇಜುಗಳ ಹತ್ತಿರವೇ ಬೇಕು ಅನ್ನೋರಿಗೆ ಇನ್ನೂ ಮೂರು ಹೇಳ್ತೀನಿ.

ಫಿಟ್ಜ್‌ರಾಯ್ ಸ್ಕ್ವೇರ್‌ನ ಇಂಡಿಯನ್ ವೈಎಂಸಿಎ. ಇದು 1920ರಲ್ಲಿ ಇಲ್ಲಿಗೆ ಓದಲು ಬಂದ ಭಾರತೀಯ ವಿದ್ಯಾರ್ಥಿಗಳಿಗಾಗಿಯೇ ಶುರುವಾದ ಹಾಸ್ಟೆಲು. ನಮ್ಮ ಅಜ್ಜಂದಿರ ಕಾಲದವರಿಗೂ ಇದೇ ಪಾಡಿತ್ತು ಅನ್ನೋದಕ್ಕೆ ಸಾಕ್ಷಿ. ಕ್ಯಾಂಟೀನಿಗೆ ಹೊರಗಿನವರೂ ಹೋಗಬಹುದು. ಟ್ರೇ ಹಿಡಿದು ಅನ್ನ, ಬೇಳೆ, ಪಲ್ಯ ಹಾಕಿಸಿಕೊಂಡು ಕೂತರೆ ಥೇಟ್ ಹಾಸ್ಟೆಲ್ ಮೆಸ್. ಅಲಂಕಾರ ಇಲ್ಲ, ಅದೇ ಅದರ ಅಲಂಕಾರ.

ಯೂಸ್ಟನ್ ಸ್ಟೇಷನ್ ಪಕ್ಕದ ಡ್ರಮಂಡ್ ಸ್ಟ್ರೀಟ್. ಒಂದೇ ಪುಟ್ಟ ಬೀದಿಯಲ್ಲಿ ಸಸ್ಯಾಹಾರಿ ಹೋಟೆಲು, ಮಿಠಾಯಿ ಅಂಗಡಿ, ದಿನಸಿ ಎಲ್ಲ. ದಿವಾನಾ ಭೇಲ್ ಪೂರಿ ಹೌಸ್‌ನಂಥವು ಅರ್ಧ ಶತಮಾನ ದಾಟಿವೆ. ಮಧ್ಯಾಹ್ನದ ಬಫೆ ಇರುವ ಕಡೆ ಬೆಳಗ್ಗೆ ತಿಂಡಿ ಬಿಟ್ಟು ಹೋಗೋದು ಹಳೆ ವಿದ್ಯಾರ್ಥಿಗಳ ಸಂಪ್ರದಾಯ. ಆದರೆ ಈ ಬೀದಿಗೂ ಕಷ್ಟ ಬಂದಿದೆ. ಹೊಸ ಹೈಸ್ಪೀಡ್ ರೈಲಿನ ಕಾಮಗಾರಿಗೆ ಯೂಸ್ಟನ್ ಸುತ್ತ ಬೇಲಿ ಎದ್ದು, ಹತ್ತಿರದ ಹೋಟೆಲು ಕಟ್ಟಡಗಳು ನೆಲಸಮವಾಗಿ, ಜನ ಓಡಾಡುವುದೇ ಕಡಿಮೆಯಾಯಿತು ಅಂತ ಅಲ್ಲಿಯ ವ್ಯಾಪಾರಿಗಳು ವರ್ಷಗಳಿಂದ ಹೇಳ್ತಿದ್ದಾರೆ. ಮುಂದಿನ ಇಂಡಿಯಾ ಕ್ಲಬ್ ಯಾವುದು ಅಂತ ಯೋಚಿಸುವಾಗ ನನಗೆ ಮೊದಲು ನೆನಪಾಗೋದು ಈ ಬೀದಿ.

ಇನ್ನೊಂದು ನಮ್ಮದಲ್ಲದ್ದು, ಬೇಜ್‌ವಾಟರ್‌ನ ಮಲೇಷ್ಯಾ ಹಾಲ್. ಮಲೇಷ್ಯಾದ ವಿದ್ಯಾರ್ಥಿಗಳಿಗಾಗಿ ಇರುವ ಕಟ್ಟಡ, ನೆಲಮಾಳಿಗೆಯಲ್ಲಿ ಕ್ಯಾಂಟೀನು, ಯಾರು ಬೇಕಾದರೂ ಹೋಗಬಹುದು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನದ ನಾಸಿ ಲೆಮಾಕ್ ತಿನ್ನಬೇಕು. ಸಸ್ಯಾಹಾರಿಗಳು ಮಾತ್ರ ಕೇಳಿ ಹಾಕಿಸಿಕೊಳ್ಳಿ: ಅವರ ಸಾಂಬಲ್‌ನಲ್ಲಿ ಸಾಮಾನ್ಯವಾಗಿ ಸಿಗಡಿಯ ಬೆಲಾಚಾನ್ ಇರುತ್ತೆ, ಮೇಲೆ ಒಣಮೀನೂ ಇರುತ್ತೆ. ಅಲ್ಲಿ ಕೂತು ಊಟ ಮಾಡುವ ಹುಡುಗರ ಮುಖ ನೋಡಿದಾಗ ನನಗೆ ಅರ್ಥವಾಗಿದ್ದು, ಮನೆ ನೆನಪಾಗೋದು ಕನ್ನಡಿಗರಿಗೆ ಮಾತ್ರ ಅಲ್ಲ ಅಂತ.

ನಮ್ಮವರ ಒಂದು ಚಟದ ಬಗ್ಗೆಯೂ ಹೇಳಲೇಬೇಕು. ಎಲ್ಲಿಗೆ ಹೋದರೂ ನಾವು ಪರೀಕ್ಷಕರಾಗಿ ಹೋಗ್ತೀವಿ. "ದೋಸೆ ಪರವಾಗಿಲ್ಲ, ಆದ್ರೆ ಸಿಟಿಆರ್ ಥರ ಇಲ್ಲ." "ಸಾಂಬಾರಿಗೆ ಬೆಲ್ಲ ಹಾಕಿಲ್ಲ." ಸ್ವಾಮಿ, ಅದು ತಮಿಳರ ಸಾಂಬಾರು, ಅದಕ್ಕೆ ಬೆಲ್ಲ ಹಾಕದೇ ಇರೋದು ತಪ್ಪಲ್ಲ! ಮಲ್ಲೇಶ್ವರಂ ಎಂಟು ಸಾವಿರ ಕಿಲೋಮೀಟರ್ ದೂರ ಇದೆ. ಒಂದು ಸಲ ಹೋಗಿ, ಹೋಲಿಸಿ, ಫೋಟೋ ಹಾಕಿ, ಮೂರು ಸ್ಟಾರ್ ಕೊಟ್ಟು ಮರೆಯೋದರಿಂದ ಆ ಹೋಟೆಲಿಗೆ ಏನೂ ಸಿಗೋಲ್ಲ. ಸಾಧಾರಣ ದೋಸೆಯನ್ನೇ ಹತ್ತು ಸಲ ತಿನ್ನಿ. ನಾಲ್ಕನೇ ಸಲಕ್ಕೆ ನೀವು ಬರೋದು ಅವರಿಗೆ ಗೊತ್ತಾಗುತ್ತೆ, ಆರನೇ ಸಲಕ್ಕೆ ದೋಸೆ ನಿಮಗೆ ಬೇಕಾದಷ್ಟು ಕೆಂಪಗೆ ಬರುತ್ತೆ. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ.

ನನ್ನ ರೂಮ್‌ಮೇಟ್ ಇದಕ್ಕೆ ಎರಡು ಆಕ್ಷೇಪ ಎತ್ತಿದ. ಎರಡೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು: "ಇಂಥ ಜಾಗಗಳನ್ನು ಬರೆದು ಸಾರಿದರೆ ಅವು ಹಾಳಾಗ್ತವೆ. ರೀಲ್ಸ್ ಮಾಡೋರು ಬರ್ತಾರೆ, ಸಾಲು ಬೆಳೆಯುತ್ತೆ, ರೇಟು ಏರುತ್ತೆ, ಹಳಬರಿಗೇ ಜಾಗ ಇರೋಲ್ಲ." ನಿಜ. ಅದಕ್ಕೇ ಟೂಟಿಂಗ್‌ನ ನನ್ನ ಹೋಟೆಲಿನ ಹೆಸರು ಇಲ್ಲಿ ಬರೆದಿಲ್ಲ. ಸ್ವಾರ್ಥ ಅಂದ್ರೂ ಸರಿ. ಆದರೆ ಗುಟ್ಟಾಗಿಟ್ಟರೂ ಹೋಟೆಲು ಉಳಿಯೋಲ್ಲ. ಮಧ್ಯದ ದಾರಿ ಹಳೇದೇ: ಬಾಯಿಮಾತು. ಹೆಸರು ಹೇಳಿ ಕಳಿಸಬೇಡಿ, ಒಬ್ಬರನ್ನು ಕೈಹಿಡಿದು ಕರ್ಕೊಂಡು ಹೋಗಿ. ಸೆಪ್ಟೆಂಬರಿನಲ್ಲಿ ಬರುವ ಹೊಸ ಹುಡುಗ ಹುಡುಗಿಯರಿಗೆ ಬ್ಯಾಂಕ್ ಅಕೌಂಟು, ಸಿಮ್ ಕಾರ್ಡು ಮಾಡಿಸಿಕೊಡ್ತೀವಲ್ಲ, ಹಾಗೆಯೇ ಒಂದು ಹೋಟೆಲನ್ನೂ ಪರಿಚಯ ಮಾಡಿಸಿ. ಬೇಕಾದವರು ನನ್ನನ್ನು ಕೇಳಿ, ಟೂಟಿಂಗ್‌ಗೆ ನಾನೇ ಬರ್ತೀನಿ.

ಎರಡನೆಯದು: "ದುಡ್ಡೆಲ್ಲಿದೆ?" ಇದಕ್ಕೆ ನಾನು ಜಾಣ ಉತ್ತರ ಕೊಡೋಲ್ಲ. ಊರಿನಲ್ಲಿ ಶಿಕ್ಷಣ ಸಾಲ ತೆಗೆದುಕೊಂಡು ಬಂದವರು ನಾವು. ಪೌಂಡು ಖರ್ಚು ಮಾಡುವಾಗಲೆಲ್ಲ ತಲೆಯೊಳಗೆ ನೂರರಿಂದ ಗುಣಿಸ್ತಾ ಇರ್ತೀವಿ. ದಿನಾ ಹೊರಗೆ ತಿನ್ನಿ ಅಂತ ಯಾರೂ ಹೇಳ್ತಿಲ್ಲ. ಕುಕ್ಕರ್ ಕೂಗಲಿ, ಚಿತ್ರಾನ್ನ ಡಬ್ಬಿಗೆ ಹೋಗಲಿ. ಆದರೆ ತಿಂಗಳಿಗೆ ಎರಡು ಸಲ ಆ್ಯಪಿನಲ್ಲಿ ತರಿಸಿ, ಡೆಲಿವರಿ ಫೀ, ಸರ್ವಿಸ್ ಫೀ ಎಲ್ಲ ಕೊಟ್ಟು ಒಬ್ಬರೇ ತಿನ್ನುವ ಆ ತಣ್ಣನೆ ಬಿರಿಯಾನಿ ಇದೆಯಲ್ಲ, ಅದರ ದುಡ್ಡಿನಲ್ಲೇ ಇದು ಆಗುತ್ತೆ. ಆ್ಯಪ್ ಹೋಟೆಲಿನವರಿಂದಲೂ ಕಮಿಷನ್ ಹಿಡಿಯುತ್ತೆ. ಮೆಟ್ಟಿಲು ಹತ್ತಿ ಹೋಗಿ ಕೊಟ್ಟ ದುಡ್ಡು ಪೂರ್ತಿ ಗಲ್ಲಾಕ್ಕೆ ಹೋಗುತ್ತೆ.

ಕೊನೆಗೆ ನಮ್ಮ ಸಂಘಕ್ಕೆ ಒಂದು ವಿನಂತಿ. ಯುಗಾದಿಗೆ, ರಾಜ್ಯೋತ್ಸವಕ್ಕೆ ಹಾಲ್ ಬಾಡಿಗೆ ಹಿಡಿದು ಕೇಟರಿಂಗ್ ತರಿಸ್ತೀವಿ, ಬಹಳ ಸಂತೋಷ. ಅದರ ಜೊತೆ ತಿಂಗಳಿಗೊಂದು ಮಂಗಳವಾರ, ವ್ಯಾಪಾರ ತೀರಾ ಕಡಿಮೆ ಇರುವ ಹೊತ್ತಿನಲ್ಲಿ, ಐದಾರು ಜನ ಒಂದು ಸಣ್ಣ ಹೋಟೆಲಿಗೆ ಹೋಗೋಣ. ಬ್ಯಾನರ್ ಬೇಡ, ಗ್ರೂಪ್ ಫೋಟೋ ಬೇಡ. ಅವರವರ ಬಿಲ್ಲು ಅವರವರೇ ಕೊಡೋಣ. ಮುಂದಿನ ತಿಂಗಳು ಅದೇ ಹೋಟೆಲಿಗೆ ಮತ್ತೆ ಹೋಗೋಣ.

ಮೊದಲ ಮಂಗಳವಾರ ಡ್ರಮಂಡ್ ಸ್ಟ್ರೀಟ್‌ನಲ್ಲಿ, ಮಧ್ಯಾಹ್ನ ಒಂದೂವರೆಗೆ. ನಾನಂತೂ ಅಲ್ಲಿರ್ತೀನಿ. ಬೆಳಗ್ಗೆ ತಿಂಡಿ ತಿನ್ನದೆ ಬನ್ನಿ.