ದೋಟಿಗೆ ದುಡ್ಡು ಕಳಿಸುವ ಮುನ್ನ



ಮಲೆನಾಡು, ಕರಾವಳಿಯ ಅಡಿಕೆ ತೋಟದ ಮನೆಗಳಿಂದ ಬಂದವರು ನಮ್ಮ ಸಂಘದಲ್ಲಿ ಸಾಕಷ್ಟು ಮಂದಿ ಇದ್ದೇವೆ. ಈಚೆಗೆ ಊರಿಗೆ ಫೋನ್ ಮಾಡಿದಾಗೆಲ್ಲ ಕಾರ್ಬನ್ ಫೈಬರ್ ದೋಟಿಯದೇ ಮಾತು. ಮರ ಹತ್ತುವ ಕೊನೆಗೌಡರು ಸಿಗುತ್ತಿಲ್ಲ. ಐವತ್ತು ಅಡಿ ಮರದಿಂದ ಬಿದ್ದು ಹಾಸಿಗೆ ಹಿಡಿದವರನ್ನು ನಾವೆಲ್ಲ ಕಂಡವರೇ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು ಎಂದರೆ ಯಾರಿಗೆ ಬೇಡ? ಹತ್ತಾರು ಸಾವಿರ ರೂಪಾಯಿಯನ್ನು ನಾವು ಇಲ್ಲಿಂದ ಸಂತೋಷವಾಗಿ ಕಳಿಸುತ್ತೇವೆ. ಕಳಿಸಬೇಕು ಕೂಡ.

ಆದರೆ ಹೆಸರಿನಲ್ಲಿ ಫೈಬರ್ ಇದೆಯೆಂದು ಅದನ್ನು ಪ್ಲಾಸ್ಟಿಕ್ ಎಂದುಕೊಳ್ಳಬೇಡಿ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಅಲ್ಯೂಮಿನಿಯಂನಷ್ಟು ಚೆನ್ನಾಗಿ ಅಲ್ಲ, ನಿಜ. ಆದರೂ ತೋಟದ ಮೇಲೆ ಹಾದುಹೋಗುವ 11,000 ವೋಲ್ಟ್ ತಂತಿಗೆ ತಗುಲಿದರೆ ಜೀವ ಹೋಗಲು ಅಷ್ಟೇ ಸಾಕು. ಗ್ಲಾಸ್ ಫೈಬರ್ ಬೇರೆ ವಸ್ತು, ಒಣಗಿ ಚೊಕ್ಕವಾಗಿದ್ದಾಗ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಬೋರ್ಡೋ ದ್ರಾವಣ ಸೋರಿ ಒದ್ದೆಯಾದ ಮೇಲೆ ಅದನ್ನೂ ನಂಬುವಂತಿಲ್ಲ.

ಇಲ್ಲಿ ಅಮೆರಿಕದಲ್ಲಿ 50,000 ವೋಲ್ಟ್‌ವರೆಗಿನ ತಂತಿಯಿಂದ ಕೆಲಸಗಾರರು, ಅವರ ಸಲಕರಣೆ ಕನಿಷ್ಠ 10 ಅಡಿ ದೂರವಿರಬೇಕೆಂದು ಓಶಾ ನಿಯಮವಿದೆ. ದೋಟಿಗೆ ಈ ಲೆಕ್ಕ ಸಾಲದು. ಅರವತ್ತು ಅಡಿಯ ಕೋಲು ಕೊನೆಯ ಭಾರಕ್ಕೆ ಬಾಗುತ್ತದೆ, ಕೈ ಜಾರಿದರೆ ಎತ್ತ ಬೇಕಾದರೂ ಬೀಳುತ್ತದೆ. ನನ್ನ ಲೆಕ್ಕ ಹೀಗೆ: ತಂತಿಯ ನೇರ ಕೆಳಗಿನಿಂದ ಎರಡೂ ಕಡೆ ದೋಟಿಯಷ್ಟು ಉದ್ದ, ಮೇಲೆ ಇನ್ನು 10 ಅಡಿ. ಅದರೊಳಗಿನ ಮರಗಳಿಗೆ ಬಣ್ಣ ಬಳಿದುಬಿಡಿ. ಲೈನ್‌ಮ್ಯಾನ್ ಬಂದು ಲೈನ್ ತೆಗೆಯುವವರೆಗೆ ಅವುಗಳ ಹತ್ತಿರ ದೋಟಿ ಎತ್ತುವಂತಿಲ್ಲ. (ಕರೆಂಟ್ ಹೇಗೂ ಹೋಗಿದೆಯಲ್ಲ ಎನ್ನಬೇಡಿ, ನಮ್ಮೂರಲ್ಲಿ ಅದು ಯಾವಾಗ ಬರುತ್ತದೆಂದು ಬಲ್ಲವರಾರು!)

ಕೆಲಸದವರಿಗೆ ತಿಳಿವಳಿಕೆ ಹೇಳಿದರಾಯಿತು ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಕೊನೆ ಲೆಕ್ಕದಲ್ಲಿ ಕೂಲಿ ಪಡೆಯುವವನು ಕತ್ತೆತ್ತಿ ನೋಡುವುದು ಕೊನೆಯನ್ನು, ತಂತಿಯನ್ನಲ್ಲ. ಮರ ಬಿಟ್ಟರೆ ಅವನ ದುಡ್ಡೇ ಹೋಗುತ್ತದೆ. ಆದ್ದರಿಂದ ಬಿಟ್ಟ ಮರಗಳ ಕೂಲಿಯನ್ನೂ ಯಜಮಾನರು ಕೊಡಬೇಕು. ನಮ್ಮಲ್ಲಿ ಲೈನ್ ಹಾದಿರುವುದು ತೋಟದ ಒಂದು ಮೂಲೆಯಲ್ಲಷ್ಟೇ, ಆದರೂ ಎಪ್ಪತ್ತು ಮರಗಳಾದವು. "ಅಷ್ಟೂ ಅಡಿಕೆ ಬಿಡಬೇಕಾ?" ಎಂದರು ಅಪ್ಪಯ್ಯ. ಲೈನ್ ತೆಗೆಸಲಾಗದಿದ್ದರೆ ಬಿಡಲಿ, ಉದುರಿದ ಗೋಟು ಹೆಕ್ಕಿಕೊಳ್ಳಬಹುದು. ಆ ಮರಗಳ ಕೂಲಿಯನ್ನು ನಾನು ದೋಟಿಯ ದುಡ್ಡಿಗೆ ಸೇರಿಸಿಯೇ ಕಳಿಸಿದೆ.

ಇನ್ನೊಂದು ವಿಷಯ. ದೋಟಿ ತಂತಿಗೆ ತಗುಲಿದರೆ, ಹಿಡಿದವನನ್ನು ಬಿಡಿಸಲು ಯಾರೂ ಹತ್ತಿರ ಓಡಬಾರದು. ಆ ವೋಲ್ಟೇಜಿನ ಮುಂದೆ ಒಣ ಕೋಲು, ರಬ್ಬರ್ ಚಪ್ಪಲಿ ಲೆಕ್ಕಕ್ಕಿಲ್ಲ. ಮೊದಲು 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಬೇಕು. ಈ ವಾರ ಊರಿಗೆ ಮಾತಾಡುವಾಗ ಆ ನಂಬರನ್ನೂ ನಿಮ್ಮೂರ ಲೈನ್‌ಮ್ಯಾನ್ ನಂಬರನ್ನೂ ದೋಟಿ ಇಡುವ ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.